ಕೈ ಎತ್ತಿಸಿ ನೋಡಿದರೆ ಸಾಲದು

ಲಕ್ವ ಹೊಡೆದವರು ಮರುತಪಾಸಣೆಗೆ ಬಂದಾಗ ವೈದ್ಯರು ಕೈ ಎತ್ತಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಬಿ.ಪಿ. ನೋಡುತ್ತಾರೆ. ನಡಿಗೆ ಸರಿಯಿದ್ದರೆ ಮನೆಯವರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಅದೇ ಮನುಷ್ಯ ಕಿರಾಣಿ ಅಂಗಡಿಯಲ್ಲಿ ಐನೂರರ ನೋಟು ಕೊಟ್ಟು, ವಾಪಸು ಬಂದ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು, ಲೆಕ್ಕ ಹತ್ತದೆ ನಿಂತಿರಬಹುದು. ಬೆಳಗಿನ ಮಾತ್ರೆ ನುಂಗಿದ್ದು ಮರೆತು ಇನ್ನೊಂದು ನುಂಗಿರಬಹುದು. ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಈ ಸುಮ್ಮನಾಗುವಿಕೆಯೇ ತಪ್ಪು. ಲಕ್ವದ ನಂತರದ ಮರೆವು ಬಹಳಷ್ಟು ಸಲ ಆ ದಿನದ ಪೆಟ್ಟಿನ ಮುಂದುವರಿಕೆ.

ರಕ್ತನಾಳ ಕಟ್ಟಿಕೊಂಡಾಗ, ಚಿಕಿತ್ಸೆ ಸಿಗದಿದ್ದರೆ, ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬ ಅಂದಾಜಿದೆ. ಉಸಿರುಗಟ್ಟಿದ ಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದರಿಂದ ಪಕ್ಕದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಇದು ಮೊದಲ ಗಂಟೆಗಳ ಕಥೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಮೇಲಿನದು. ಸ್ಟ್ಯಾನ್‌ಫರ್ಡ್‌ನ ಮರಿಯನ್ ಬಕ್ವಾಲ್ಟರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಕ್ವಕ್ಕೀಡಾದ ಇಲಿಗಳ ನೆನಪು ಒಂದು ವಾರದ ಹೊತ್ತಿಗೆ ಚೆನ್ನಾಗಿಯೇ ಇತ್ತು. ಏಳು ವಾರಗಳ ಹೊತ್ತಿಗೆ ಕುಸಿದಿತ್ತು. ಅಷ್ಟರಲ್ಲಿ ಗಾಯದ ಜಾಗಕ್ಕೆ ಬಿ ಲಿಂಫೋಸೈಟ್‌ಗಳು, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು, ಬಂದು ಸೇರಿದ್ದವು. ಆ ಕಣಗಳೇ ಇಲ್ಲದ ಇಲಿಗಳ ನೆನಪು ಕೆಡಲಿಲ್ಲ. ಸೋಂಕಿನಿಂದ ಕಾಯಬೇಕಾದ ಪಡೆಯೇ ಮಿದುಳಿನಲ್ಲಿ ಬೀಡುಬಿಟ್ಟು ಹಾನಿ ಮಾಡುತ್ತಿತ್ತು.

ಇಲಿಗೆ ಆದದ್ದು ಮನುಷ್ಯರಿಗೂ ಆಗಬೇಕೆಂದಿಲ್ಲ ಎನ್ನುವವರ ಮಾತು ನ್ಯಾಯವೇ. ಗ್ಲುಟಮೇಟ್ ತಡೆಯುವ ಔಷಧಿಗಳು ಪ್ರಾಣಿಗಳಲ್ಲಿ ಗೆದ್ದು ರೋಗಿಗಳಲ್ಲಿ ಸೋತಿವೆ. ಆದರೂ ಲಕ್ವದ ಜೊತೆಗೆ ಮರೆವೂ ಇದ್ದು ತೀರಿಕೊಂಡ ಕೆಲವರ ಮಿದುಳಿನಲ್ಲಿ ಅದೇ ತಂಡಕ್ಕೆ ಅದೇ ಕಣಗಳು ಸಿಕ್ಕಿವೆ. ಮದ್ದೇ ಇಲ್ಲದ ಮೇಲೆ ಪರೀಕ್ಷೆ ಏಕೆ ಎಂಬ ಪ್ರಶ್ನೆಯನ್ನು ಮಾತ್ರ ನಾನು ಒಪ್ಪಲಾರೆ. ಆಕ್ಸ್‌ಫರ್ಡ್ ಸಂಶೋಧಕರ 2009ರ ವಿಶ್ಲೇಷಣೆಯ ಪ್ರಕಾರ ಮೊದಲ ಲಕ್ವದ ನಂತರ ಹತ್ತರಲ್ಲಿ ಒಬ್ಬರಿಗೆ ಹೊಸದಾಗಿ ಡಿಮೆನ್ಶಿಯಾ ಬರುತ್ತದೆ. ಲಕ್ವ ಮರುಕಳಿಸಿದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಅದಕ್ಕೆ ತುತ್ತಾಗುತ್ತಾರೆ. ಎರಡನೆಯ ಹೊಡೆತ ತಪ್ಪಿಸುವ ಬಿ.ಪಿ. ಮಾತ್ರೆ ನಮ್ಮ ಕೈಯಲ್ಲೇ ಇದೆ. 6,105 ಜನರ ಮೇಲೆ ನಡೆದ ‘ಪ್ರೋಗ್ರೆಸ್’ ಅಧ್ಯಯನದಲ್ಲಿ ಆ ಚಿಕಿತ್ಸೆ ಬುದ್ಧಿಶಕ್ತಿಯ ಕುಸಿತವನ್ನು ಶೇ 19ರಷ್ಟು ತಗ್ಗಿಸಿತು. ಆದರೆ ಮಾತ್ರೆಯನ್ನೇ ಮರೆಯುವವರಿಗೆ ಚೀಟಿ ಬರೆದುಕೊಟ್ಟರೆ ಏನಾದೀತು? ಮರೆವು ಗೊತ್ತಾದರೆ ಆ ಡಬ್ಬಿ ಸೊಸೆಯ ಇಲ್ಲವೇ ಮಗನ ಕೈಗೆ ಹೋಗುತ್ತದೆ. ಗಡಿಯಾರ ಬರೆಯಿಸುವ, ಐದು ಪದ ನೆನಪಿಸಿಕೊಳ್ಳಲು ಹೇಳುವ ಮೊಕಾ ಪರೀಕ್ಷೆಗೆ ಬೇಕಾದದ್ದು ಹತ್ತು ನಿಮಿಷ. ಅದು ಕನ್ನಡದಲ್ಲೂ ಇದೆ. ಡಿಸ್ಚಾರ್ಜ್ ಚೀಟಿಯಲ್ಲಿ ಫಿಸಿಯೋಥೆರಪಿಯ ದಿನಾಂಕದ ಕೆಳಗೆ, ಮೂರನೆಯ ತಿಂಗಳಿಗೆ ಈ ಪರೀಕ್ಷೆಯ ದಿನಾಂಕವನ್ನೂ ಬರೆಯಬೇಕು.