ಅಂಟು ಯಾರದು ಸ್ವಾಮಿ?

ತುಮಕೂರಿನ ಒಬ್ಬ ದೊಡ್ಡವರ ಮನೆಗೆ ಹೋಗಿದ್ದೆ. ಹಾಸ್ಟೆಲ್ ಹುಡುಗರಿಗೆ ಹಳೇ ಪುಸ್ತಕ ಕೇಳೋದಕ್ಕೆ. ಹಜಾರದಲ್ಲಿ ಒಂದು ಬೀರು. ಕಂದು ಮರದ ಮೈಮೇಲೆ ಹಳದಿ ಮರದ ಬಳ್ಳಿ, ಬೀಸಣಿಗೆ, ಹೂಕುಂಡ. ಬಣ್ಣ ಹಚ್ಚಿದ್ದಲ್ಲ, ಮರದೊಳಗೆ ಮರ ಕೂರಿಸಿದ್ದು. ಬೆರಳು ಮುಂದೆ ಹೋಯಿತು. "ಮುಟ್ಟಬೇಡಪ್ಪ, ಇಂಗ್ಲೆಂಡಿಂದು, ಇನ್ನೂರು ವರ್ಷದ್ದು" ಅಂದರು. ಅವರು ಬೀರುವಿಗೋಸ್ಕರವೇ ಹೇಳಿರಬಹುದು. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಹಿಂದೆ ಬರುತ್ತೆ. ಅದನ್ನ ನಮ್ಮ ಕೇರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ಅರ್ಧ ಗಂಟೆ ಪಾಠ. ಚಿಪ್ಪೆಂಡೇಲ್, ಹೆಪಲ್‌ವೈಟ್, ಶೆರಟನ್. ಕೊನೆಗೆ ಒಂದು ಮಾತು: "ಇಂಥ ಕೈಗಳು ನಮ್ಮಲ್ಲಿಲ್ಲ ಬಿಡಪ್ಪ." ಪುಸ್ತಕ ಕೊಟ್ಟರು, ಸುಳ್ಳು ಹೇಳಬಾರದು. ಆದರೆ ಆ ಮಾತು ನನ್ನನ್ನ ಗುಬ್ಬಿ ಬಸ್ಸಿನಲ್ಲೂ ಬಿಡಲಿಲ್ಲ.

ಇಂಗ್ಲೆಂಡಿನ ಕೈಗಳ ಕತೆಯನ್ನೇ ಮೊದಲು ನೋಡೋಣ. ಥಾಮಸ್ ಚಿಪ್ಪೆಂಡೇಲ್ ಯಾರ್ಕ್‌ಷೈರಿನ ಆಟ್ಲಿ ಅನ್ನೋ ಊರಿನ ಬಡಗಿಯ ಮಗ. 1754ರಲ್ಲಿ ತನ್ನ ನಮೂನೆಗಳನ್ನೆಲ್ಲ ಪುಸ್ತಕ ಮಾಡಿ ಅದರ ಮೇಲೆ ತನ್ನ ಹೆಸರನ್ನ ಅಚ್ಚು ಹಾಕಿಸಿದ. ಬಡಗಿಯ ಮಗನ ಆ ಧೈರ್ಯಕ್ಕೆ ನನ್ನ ಸಲಾಮು. 1773ರಲ್ಲಿ ಅವನ ಅಂಗಡಿಯಿಂದ ಹೇರ್‌ವುಡ್ ಅನ್ನೋ ಬಂಗಲೆಗೆ ಮರ, ದಂತ ಕೂರಿಸಿದ ಒಂದು ಬೀರು ಹೋಯಿತು. ಬೆಲೆ 86 ಪೌಂಡು. ಬಂಗಲೆಯ ಯಜಮಾನ ಲ್ಯಾಸೆಲ್ಸ್‌ಗೆ ಆ ದುಡ್ಡು ಎಲ್ಲಿಂದ ಬಂತು? ವೆಸ್ಟ್ ಇಂಡೀಸಿನ ಸಕ್ಕರೆಯಿಂದ. ಅಂದರೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆನ್ನಿನಿಂದ. ಆ ಕಾಲದ ಇಂಗ್ಲಿಷ್ ಮೇಜು ಕುರ್ಚಿಗಳ ಮಹೋಗನಿ ಮರ ಜಮೈಕಾದಿಂದ ಬರುತ್ತಿತ್ತಲ್ಲ, ಅದನ್ನ ಕಡಿದು ಎಳೆದವರೂ ಅವರೇ. 1833ರಲ್ಲಿ ಗುಲಾಮಗಿರಿ ರದ್ದು ಮಾಡೋ ಕಾನೂನು ಬಂದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಕೊಟ್ಟದ್ದು ಯಜಮಾನರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ನಮ್ಮ ದೊಡ್ಡವರ ಪಾಠದಲ್ಲಿ ಈ ಅಧ್ಯಾಯ ಬರಲೇ ಇಲ್ಲ.

ಇನ್ನು ನಮ್ಮಲ್ಲಿ ಕೈಗಳಿಲ್ಲ ಅನ್ನೋದು. ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಗಳಿಗೆ ಹೋಗಿ ನೋಡಿ. ಬೀಟೆ ಹಲಗೆಯ ಮೇಲೆ ಚಿತ್ರ ಬರೆದು, ಹಲಸಿನ ಮರ, ಇನ್ನೊಂದು ಮರ ಅಂತ ಬಣ್ಣ ಬಣ್ಣದ ಚೂರುಗಳನ್ನ ಸಣ್ಣ ಗರಗಸದಲ್ಲಿ ಕೊಯ್ದು, ಹಲಗೆಯಲ್ಲಿ ಅಷ್ಟೇ ಅಳತೆಗೆ ತೋಡಿ, ಅಂಟು ಹಾಕಿ ಕೂರಿಸಿ, ಉಜ್ಜಿ, ಪಾಲಿಷ್ ಮಾಡ್ತಾರೆ. ಬಹಳ ಜನ ಸಾಬರು. ಮೊದಲು ದಂತವನ್ನೂ ಕೂರಿಸುತ್ತಿದ್ದರು. 1986 ಮತ್ತು 1991ರ ಕಾನೂನು ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆ ಬದುಕಲಿ. ಈ ಕಸುಬಿಗೆ ಮೈಸೂರಿನ ಹೆಸರಿನಲ್ಲಿ ಜಿ.ಐ. ಗುರುತೂ ಸಿಕ್ಕಿದೆ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು, ಕೂತು ಕೊಯ್ಯೋನ ಹೆಸರು ಆನೆ ಚಿತ್ರದ ಹಿಂದುಗಡೆಯೂ ಇಲ್ಲ.

ಮೈಸೂರು ಅರಮನೆ ನೋಡಿದ್ದೀರಲ್ಲ. 1897ರಲ್ಲಿ ಹಳೇದು ಸುಟ್ಟುಹೋಯಿತು, 1912ಕ್ಕೆ ಹೊಸದು ಮುಗಿಯಿತು. ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು, ಒಳಗೆ ಗಣೇಶನ ಗುಡಿ. ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅಂತ ಶಾಲೆ ಮಕ್ಕಳೂ ಹೇಳ್ತಾರೆ. ಬಾಗಿಲು ಮಾಡಿದವರು ಯಾರು ಅಂತ ಕೇಳಿ ನೋಡಿ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನೂ ಬಡಗಿಯ ಹೆಸರಿಗೇ ನಿಂತವನಾಗುತ್ತಿದ್ದೆ. ಬಡಗಿಯ ಹಿಂದೆ ಇನ್ನೊಬ್ಬ ಇದ್ದಾನೆ.

ನಮ್ಮ ತಾತ, ಅವ್ವನ ಅಪ್ಪ, ಕುಣಿಗಲ್ ಸೀಮೆಯೋನು. ನಾವು ಮಾದಿಗರು. ಸತ್ತ ದನ ಹೊತ್ತು, ತೊಗಲು ಸುಲಿದು, ತಂಗಡಿ ಚಕ್ಕೆಯಲ್ಲಿ ಹದ ಮಾಡೋಕೆ ಮುಂಚೆ ಕೊಯ್ದು ತೆಗೆಯೋ ಹಸಿ ಚೂರುಪಾರು ಇರ್ತಾವಲ್ಲ, ಅದನ್ನ ಸುಣ್ಣದ ನೀರಲ್ಲಿ ನೆನೆಹಾಕಿ, ತೊಳೆದು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸೋನು. ಉರಿ ಜಾಸ್ತಿಯಾದರೆ ಅಂಟಿನ ಸತ್ವ ಹೋಗುತ್ತೆ. ಸೋಸಿ ಆರಿಸಿದರೆ ಹಲ್ವದ ಹಾಗೆ ಗಟ್ಟಿಯಾಗುತ್ತೆ. ಬಿಲ್ಲೆ ಕೊಯ್ದು ನೆರಳಲ್ಲಿ ಒಣಗಿಸಿದರೆ ಜೇನಿನ ಬಣ್ಣದ ಮರವಜ್ರ. ಆ ನಾತ ಅವ್ವನಿಗೆ ಇವತ್ತಿಗೂ ಮೂಗಲ್ಲಿದೆಯಂತೆ. ಆಚಾರ್ರು ಬಂದು ರಾಗಿಯನ್ನ ದೂರದಿಂದ ಸುರಿಯೋರು. ತಾತ ಬಿಲ್ಲೆಗಳನ್ನ ನೆಲದ ಮೇಲಿಟ್ಟು ಸರಿದರೆ, ನೀರು ಚಿಮುಕಿಸಿ ಎತ್ತಿಕೊಳ್ಳೋರು. "ಹೆಂಗೂ ನೀರಲ್ಲೇ ನೆನೆಸಬೇಕು ಕಣ್ಲಾ, ಚಿಮುಕಿಸ್ಕಳ್ಲಿ ಬಿಡು" ಅಂತ ತಾತ ನಗೋನಂತೆ.

ಈಗ ಆ ಇಂಗ್ಲಿಷ್ ಬೀರುವಿಗೆ ಬನ್ನಿ. ಚಿಪ್ಪೆಂಡೇಲನ ಕಾಲದಲ್ಲಿ ಇವತ್ತಿನ ಡಬ್ಬಿ ಅಂಟು ಇರಲಿಲ್ಲ. ಅಲ್ಲೂ ಮರದ ಮೇಲೆ ಮರದ ತೆಳು ಪದರ ಹಿಡಿಸುತ್ತಿದ್ದುದು ದನದ ತೊಗಲು, ಮೂಳೆ ಬೇಯಿಸಿದ ಬಿಸಿ ಅಂಟಿನಿಂದಲೇ. ನನ್ನನ್ನ ಮುಟ್ಟಬೇಡ ಅಂದ ಆ ಬೀರುವಿನ ಬಳ್ಳಿ, ಬೀಸಣಿಗೆ ಎಲ್ಲ ತಾತನ ಕಸುಬಿನ ಮೇಲೆ ನಿಂತಿವೆ. ಇನ್ನು ಗಣೇಶನ ಬಾಗಿಲಿನ ದಂತಕ್ಕೆ ಹಿಡಿಸಿದ್ದು ಯಾವ ಅಂಟು? ಅರಮನೆಯ ಗೈಡನ್ನ ಒಮ್ಮೆ ಕೇಳಿ, ಮುಖ ನೋಡಿ.

ನಮ್ಮ ಗೆಳೆಯರಲ್ಲಿ ಕೆಲವರು ಇಂಥ ಸಾಮಾನೆಲ್ಲ ಪಾಳೇಗಾರಿಕೆಯ ಕೊಳೆ, ಬೆಂಕಿ ಹಚ್ಚಬೇಕು ಅಂತಾರೆ. ಯಾಕೆ ಹಚ್ಚಬೇಕು? ನಮ್ಮ ಸ್ವತ್ತನ್ನ ನಾವೇ ಸುಡೋದಾ? ಇನ್ನು ಕೆಲವರು ತೊಗಲಿನ ಮಾತು ಎತ್ತಬೇಡ, ನಾಚಿಕೆ, ಓದಿದೋನು ನೀನು ಅಂತಾರೆ. ನನಗೆ ಅದರಲ್ಲಿ ನಾಚಿಕೆ ಕಾಣಲಿಲ್ಲ. ರಾಗಿಯನ್ನ ದೂರದಿಂದ ಸುರಿದವರು ನಾಚಲಿ. ಹಾಗಂತ ಆ ಕಸುಬಿಗೆ ವಾಪಸ್ಸು ಹೋಗಿ ಅನ್ನೋನೂ ನಾನಲ್ಲ. ತಾತನ ಕೈಬೆರಳು ಸುಣ್ಣದಲ್ಲಿ ಬಿರಿದಿದ್ದವಂತೆ. ಕಲೆ ಕಲೆ ಅಂತ ಬರೆಯೋರು ಆ ಬೆರಳನ್ನೂ ಬರೀಲಿ ಅನ್ನೋದಷ್ಟೇ ನನ್ನ ಜಗಳ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಹಿಂದಿನ ಕೇರಿಯಲ್ಲಿ ಎಂಬತ್ತು ದಾಟಿದ ಮುದುಕರು ಇನ್ನೂ ಇದ್ದಾರೆ. ಅಂಟು ಬೇಯಿಸಿದವರು, ಬೀಟೆ ದಿಮ್ಮಿ ಎಳೆದವರು, ಗರಗಸ ಹಿಡಿದವರು. ಮಕ್ಕಳನ್ನ ಕಳಿಸಿ ಕೇಳಿಸಿ. ಹೆಸರು, ಊರು, ಯಾರಿಗೆ ಕೊಟ್ಟರು, ಎಷ್ಟು ರಾಗಿ ಸಿಕ್ಕಿತು, ಎಲ್ಲ ಬರೆಸಿ. ಪತ್ರಿಕೆಗೆ ಕಳಿಸಿ, ಪೋಸ್ಟ್ ಕಾರ್ಡಾದರೂ ಸಾಕು. ಮೊದಲನೇ ಕಾರ್ಡು ಕುಣಿಗಲ್ಲಿನಿಂದ ನಾನೇ ಹಾಕ್ತೀನಿ. ತಾತನ ರಾಗಿಯ ಲೆಕ್ಕ ಅವ್ವನಿಗೆ ಗೊತ್ತಿದೆ.