ಸದ್ದಲೇ... ಆಶಾ ಅಕ್ಕನ ಮಾತು ಕೇಳ್ರೀ

ದಸರಾದಲ್ಲಿ ದೇವರಗುಡ್ಡಕ್ಕೆ ಹೋದವರಿಗೆ ಗೊತ್ತು. ಗೊರವಯ್ಯ ಬಿಲ್ಲು ಹತ್ತಿ "ಸದ್ದಲೇ" ಅಂದರೆ ಸಾಕು, ಅಷ್ಟೂ ಜನ ಗಪ್‌ಚುಪ್. ಅವರ ಬಾಯಿಂದ ಬರೋದು ಒಂದೇ ಸಾಲು. ಆ ಕಾರಣಿಕದಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲಾ ಹುಡುಕ್ತೀವಿ. ಇರಲಿ, ನಮ್ಮ ನಂಬಿಕೆ.

ಆದರೆ ಅದೇ ಗುಡ್ಡದ ಸುತ್ತ, ರಾಣೆಬೆನ್ನೂರು-ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗುವ ಆಶಾ ಅಕ್ಕ ಇದ್ದಾಳಲ್ಲ, ಮುಂದೆ ಏನಾಗಬಹುದು ಅಂತ ಅವಳಿಗೂ ಗೊತ್ತಿರುತ್ತೆ. ಯಾವ ಬಸುರಿಗೆ ರಕ್ತ ಕಡಿಮೆ, ಯಾರು ಕ್ಷಯದ ಮಾತ್ರೆ ಅರ್ಧಕ್ಕೇ ಬಿಟ್ಟರು, ಯಾವ ಮನೆಯಲ್ಲಿ ಹದಿನೆಂಟು ತುಂಬದ ಹುಡುಗಿಗೆ ಗಂಡು ನೋಡ್ತಿದ್ದಾರೆ... ಅವಳು ಬಾಯಿ ತೆರೆದರೆ ಮಾತ್ರ ಯಾರೂ "ಸದ್ದಲೇ" ಅನ್ನಲ್ಲ!

ಆಶಾ ಯೋಜನೆ ಶುರುವಾಗಿದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ ಸುಮಾರು 65. 2019-20ಕ್ಕೆ 97. ಎಲ್ಲಾ ಆಶಾ ಒಬ್ಬರಿಂದಲೇ ಆಯ್ತು ಅಂತಲ್ಲ. 2008ರಲ್ಲಿ 108 ಗಾಡಿ ಬಂತು, ರಸ್ತೆ ಆದವು. ಆದರೆ ಒಲ್ಲೆ ಅನ್ನೋ ಅತ್ತೆಯನ್ನು ಒಪ್ಪಿಸಿ ಸೊಸೆಯನ್ನು ಆ ಗಾಡಿ ಹತ್ತಿಸಿದವರು ಯಾರು?

ಆ ಮನೆಗಳು ಮುಂದೆ ಹೋದವು. ಇವಳು ಇದ್ದಲ್ಲೇ ಇದ್ದಾಳೆ. ಕಾಗದದಲ್ಲಿ ಇವಳಿನ್ನೂ "ಸ್ವಯಂಸೇವಕಿ", ಕೊಡೋದು "ಗೌರವಧನ", ಮೇಲೆ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 42 ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಿದರೆ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿಯೂ ಬೀಳಲ್ಲ. ಇನ್ನು ಅತ್ತೆ ಮನವೊಲಿಸಿದ್ದು, ಕುಡುಕ ಗಂಡನಿಗೆ ಬುದ್ಧಿ ಹೇಳಿದ್ದು, ಅತ್ತ ಬಾಣಂತಿ ಪಕ್ಕ ಕೂತಿದ್ದು? ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ್ದಕ್ಕೆ ದುಡ್ಡೂ ಇಲ್ಲ. ಸಂಸಾರವನ್ನು ನಿಜವಾಗಿ ಎತ್ತಿ ನಿಲ್ಲಿಸೋದು ಆ ಕೆಲಸವೇ ಸ್ವಾಮಿ!

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ನಾವೂ ಚಪ್ಪಾಳೆ ತಟ್ಟಿದೆವು. 2025ರ ಜನವರಿಯಲ್ಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ ಹತ್ತು ಸಾವಿರ ಸಿಗುತ್ತೆ ಅಂತ ಭರವಸೆ ಪಡೆದು ಎದ್ದರು. ಆಗಸ್ಟ್‌ನಲ್ಲಿ ಅದೇ ಮಾತಿಗಾಗಿ ಮತ್ತೆ ಮೂರು ದಿನ ಧರಣಿ ಕೂತರು.

"ಸೇವೆ ಅಲ್ವಾ, ದುಡ್ಡಿನ ಲೆಕ್ಕ ಯಾಕೆ?" ಅನ್ನೋರಿದ್ದಾರೆ. ಹಾಗನ್ನೋರ ತುಟ್ಟಿಭತ್ಯೆ ಒಂದು ತಿಂಗಳು ತಡವಾಗಲಿ, ನೋಡೋಣ. "ಖಾಯಂ ಮಾಡಿದರೆ ಕೆಲಸ ಮಾಡಲ್ಲ" ಅನ್ನೋರೂ ಇದ್ದಾರೆ. ಹಾಗಾದರೆ ಡಾಕ್ಟರು, ಮೇಷ್ಟ್ರು, ತಹಶೀಲ್ದಾರರನ್ನೂ ಗೌರವಧನಕ್ಕೆ ಇಟ್ಟುಕೊಳ್ಳೋಣವಾ?

ನಾನು ಕೇಳೋದು ಸಂಬಳ ಒಂದನ್ನೇ ಅಲ್ಲ, ಏಣಿಗೆ ಎರಡನೇ ಮೆಟ್ಟಿಲು. ಹತ್ತು ವರ್ಷ ಊರಿನ ನಾಡಿ ಹಿಡಿದವಳಿಗೆ ಓದಿ ನರ್ಸ್ ಆಗೋಕೆ ಸೀಟು ಮೀಸಲಿಡಿ. ಓದುವಾಗ ಅರ್ಧ ಗಳಿಕೆಯಾದರೂ ಕೊಡಿ. ಸೇವೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಅವಳು ಮೇಲೆ ಹೋದರೆ ಊರಿನ ಅನುಭವವೂ ಅವಳ ಜೊತೆ ಇಲಾಖೆಗೆ ಹೋಗುತ್ತೆ. ಬೇಸತ್ತು ಕೆಲಸ ಬಿಟ್ಟರೆ? ಇಪ್ಪತ್ತು ವರ್ಷದ ನಂಬಿಕೆಯನ್ನು ಹೊಸಬಳು ಮೊದಲಿಂದ ಕಟ್ಟಬೇಕು. ನಷ್ಟ ಆ ಬಸುರಿಗೇ.

ಗೊರವಯ್ಯನ ಒಂದು ಸಾಲಿಗೆ ನೂರು ಅರ್ಥ ಕಟ್ಟುವ ನಮಗೆ, ಇವಳ ನೇರ ಮಾತು ಅರ್ಥ ಆಗೋಕೆ ಇಷ್ಟು ವರ್ಷ ಬೇಕಾ? ನೀವೇನಂತೀರಿ?