ಯೂಫೋನಿಯಂ ಒಳಗಿನ ಇಬ್ಬನಿ

ಕೆಲವು ವರ್ಷಗಳ ಹಿಂದೆ, ಮಾಘ ಮಾಸದ ಒಂದು ಮುಂಜಾವು. ಹೊನ್ನಾಳಿಯಲ್ಲಿ ಹೊಳೆಗೆ ಹತ್ತಿರದ ಛತ್ರವೊಂದರಲ್ಲಿ ನಮ್ಮ ಬಂಧುಗಳ ಮದುವೆ. ತುಂಗಭದ್ರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಗಂಡಿನ ಕಡೆಯವರನ್ನು ಎದುರುಗೊಳ್ಳಲು ಬ್ಯಾಂಡ್‌ಸೆಟ್ಟಿನವರು ಬಾಗಿಲಲ್ಲಿ ನಿಂತಿದ್ದರು. ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮು, ಜೊತೆಗೆ ಮಗುವನ್ನು ಎದೆಗವಚಿಕೊಂಡಂತೆ ಯೂಫೋನಿಯಂ ಹಿಡಿದ ಒಬ್ಬರು. ಅರ್ಧ ಗಂಟೆ ಊದಿದ ಮೇಲೆ ಅವರ ವಾದ್ಯದ ದನಿಯಲ್ಲಿ 'ಗುಳುಗುಳು' ಸದ್ದು ಸೇರಿಕೊಂಡಿತು. ಅವರು ಪಕ್ಕಕ್ಕೆ ಸರಿದು, ಕೊಳವೆಯ ಕೆಳಗಿದ್ದ ಪುಟ್ಟ ಕೀಲಿಯನ್ನು ಒತ್ತಿ ಒಮ್ಮೆ ಉಸಿರು ಬಿಟ್ಟರು. ನೀರು ತೊಟ್ಟಿಕ್ಕಿ ಮೆಟ್ಟಿಲ ಮೇಲೆ ಬಿತ್ತು.

"ಎಂಜಲು ಚೆಲ್ಲಬೇಡ್ರಿ ಇಲ್ಲಿ!" ಎಂದು ಮದುವೆ ಮನೆಯ ಹಿರಿಯರೊಬ್ಬರು ಗದರಿದರು. ಆತ ಏನೂ ಹೇಳದೆ ಹೆಗಲ ಮೇಲಿನ ಟವೆಲ್ಲಿನಿಂದ ಮೆಟ್ಟಿಲು ಒರೆಸಿದರು. ಅವರ ಪಕ್ಕದಲ್ಲಿ ತಾಳ ಹಿಡಿದು ನಿಂತಿದ್ದ ಹುಡುಗ ನನ್ನನ್ನು ನೋಡಿ ತಲೆ ತಗ್ಗಿಸಿದ. ಅವನು ನನ್ನದೇ ಒಂಬತ್ತನೇ ತರಗತಿಯ ವಿದ್ಯಾರ್ಥಿ.

ಸೋಮವಾರದ ಹೊತ್ತಿಗೆ ಸುದ್ದಿ ತರಗತಿಗೆ ತಲುಪಿತ್ತು. ಅದೇ ಮದುವೆಗೆ ಬಂದಿದ್ದ ಇನ್ನಿಬ್ಬರು ಹುಡುಗರು ಅವನಿಗೆ 'ಎಂಜಲು ಪೀಪಿ' ಎಂದು ಹೆಸರಿಟ್ಟಿದ್ದರು. ಕೊನೆಯ ಬೆಂಚಿನಲ್ಲಿ ಅವನೊಬ್ಬನೇ ಕುಳಿತಿದ್ದ. ನಮ್ಮ ಕಡೆ ಎಂಜಲು ಎಂಬ ಮಾತಿಗೆ ಎಷ್ಟು ತೂಕವಿದೆಯೆಂದು ಪಾಲಕರಿಗೆ ನಾನು ಹೇಳಬೇಕಾಗಿಲ್ಲ. ಬೈದು ಬುದ್ಧಿ ಹೇಳಬಹುದಿತ್ತು. ಆದರೆ ಬೈಗುಳಕ್ಕೆ ಸುಮ್ಮನಾದ ಹುಡುಗರು ಮೈದಾನದಲ್ಲಿ ಮತ್ತೆ ಶುರು ಮಾಡುತ್ತಾರೆ. ಅಂದಿನ ಪಾಠವನ್ನು ಬದಿಗಿಟ್ಟು ಎರಡು ಸ್ಟೀಲ್ ಲೋಟ ತರಿಸಿದೆ.

ಒಂದರಲ್ಲಿ ತಣ್ಣೀರು ತುಂಬಿ, ಅಂಗಡಿಯಿಂದ ತಂದ ಐಸ್ ತುಂಡು ಹಾಕಿ, ಹೊರಮೈಯನ್ನು ಚೆನ್ನಾಗಿ ಒರೆಸಿದೆ. ಇನ್ನೊಂದರಲ್ಲಿ ಚಹಾದಷ್ಟು ಬಿಸಿಯಾದ ನೀರು. ಹೆಸರಿಟ್ಟ ಇಬ್ಬರನ್ನೇ ಕರೆದು ಎರಡೂ ಲೋಟಗಳ ಹೊರಮೈ ಮೇಲೆ ಬಾಯಿ ತೆರೆದು 'ಹಾ' ಎಂದು ಉಸಿರು ಬಿಡಲು ಹೇಳಿದೆ. ತಣ್ಣನೆಯ ಲೋಟ ತಕ್ಷಣ ಮಬ್ಬಾಯಿತು, ಮತ್ತೆ ಮತ್ತೆ ಊದಿದಾಗ ಹನಿಗಟ್ಟಿತು. ಬಿಸಿ ಲೋಟ ಹಾಗೆಯೇ ಹೊಳೆಯುತ್ತಿತ್ತು. "ಯಾವ ಲೋಟಕ್ಕೆ ಉಗುಳಿದಿರಿ?" ಎಂದು ಕೇಳಿದೆ. ಇಬ್ಬರೂ ಉಗುಳಿರಲಿಲ್ಲ.

ನಮ್ಮ ಶ್ವಾಸಕೋಶದ ಒಳಗೋಡೆ ಸದಾ ತೇವವಾಗಿರುತ್ತದೆ. ಹೊರಬರುವ ಉಸಿರು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದು, ಹಿಡಿಸುವಷ್ಟೂ ನೀರಾವಿಯನ್ನು ಹೊತ್ತು ತರುತ್ತದೆ. ಆ ಉಷ್ಣತೆಯಲ್ಲಿ ಸಾವಿರ ಲೀಟರ್ ಗಾಳಿ ಸುಮಾರು 40 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅದೇ ಗಾಳಿ 15 ಡಿಗ್ರಿಗೆ ತಣಿದರೆ ಹಿಡಿಯುವುದು ಸುಮಾರು 13 ಗ್ರಾಂ ಮಾತ್ರ. ಉಳಿದದ್ದು ತಣ್ಣನೆಯ ಲೋಹಕ್ಕೆ ಅಂಟಿ ನೀರಾಗಬೇಕು. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ.

ಬ್ಯಾಂಡಿನವರ ಲೆಕ್ಕ ಮಾಡೋಣ. ನಡುವಿನ ಬಿಡುವನ್ನೂ ಸೇರಿಸಿ ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಊದುತ್ತಾರೆಂದು ಇಟ್ಟುಕೊಂಡರೆ ಗಂಟೆಗೆ 600 ಲೀಟರ್ ಆಯಿತು. ವಾದ್ಯ 15 ಡಿಗ್ರಿಯಲ್ಲೇ ಉಳಿದರೆ ಸುಮಾರು 16 ಮಿಲಿಲೀಟರ್ ನೀರು, ಅಂದರೆ ಮೂರು ಟೀ ಚಮಚ. ಊದುತ್ತ ಊದುತ್ತ ಹಿತ್ತಾಳೆ ಬೆಚ್ಚಗಾಗುವುದರಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ. ಆದರೂ ಒಂದು ಚಮಚ ನೀರು ಸಾಕು ದನಿ ಕೆಡಿಸಲು.

ಇಷ್ಟು ನೀರು ಹೊರಗೆ ಹರಿದುಹೋಗದೆ ಒಳಗೇ ಏಕೆ ನಿಲ್ಲುತ್ತದೆ? ಯೂಫೋನಿಯಂ ಕೊಳವೆಯನ್ನು ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಒಂಬತ್ತು ಅಡಿ. ಅದರ ದೊಡ್ಡಣ್ಣ ಟ್ಯೂಬಾ. 1835ರಲ್ಲಿ ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ವೀಪ್ರೆಖ್ಟ್ ಮತ್ತು ಯೋಹಾನ್ ಮೊರಿಟ್ಸ್ ಅದಕ್ಕೆ ಪೇಟೆಂಟ್ ಪಡೆದರು. ಈಗಿನ ದೊಡ್ಡ ಟ್ಯೂಬಾಗಳ ಕೊಳವೆ ಹದಿನೆಂಟು ಅಡಿಯವರೆಗೂ ಇರುತ್ತದೆ. ನಮ್ಮ ಮದುವೆ ಬ್ಯಾಂಡುಗಳಲ್ಲಿ ಟ್ಯೂಬಾ ಅಪರೂಪ, ಹೊರುವವರು ಬೇಕಲ್ಲ! ಅಷ್ಟುದ್ದದ ಕೊಳವೆಯನ್ನು ಸುತ್ತಿ ಸುತ್ತಿ ಮಡಚಿದಾಗ ಹಲವು ತಗ್ಗು ತಿರುವುಗಳಾಗುತ್ತವೆ. ನೀರು ಅಲ್ಲಿ ಇಳಿದು ನಿಲ್ಲುತ್ತದೆ. ಊದಿದ ಗಾಳಿ ಗುಳ್ಳೆಗಳಾಗಿ ಅದನ್ನು ಸೀಳಿಕೊಂಡು ಹೋಗಬೇಕು. ಜಾತ್ರೆಯಲ್ಲಿ ಮಾರುವ ಹಕ್ಕಿ ಪೀಪಿಗೆ ನೀರು ತುಂಬಿಸಿ ಊದಿದ್ದೀರಲ್ಲ? ಅಲ್ಲಿ ನಮಗೆ ಬೇಕಾದ ಗುಳುಗುಳು, ಇಲ್ಲಿ ಬೇಡವಾದ ಗುಳುಗುಳು.

ನಾಗಸ್ವರಕ್ಕೆ ಈ ತೊಂದರೆ ಕಡಿಮೆ. ಅದು ಮರದ್ದು, ಮರಕ್ಕಿಂತ ಹಿತ್ತಾಳೆ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಆದ್ದರಿಂದ ಉಸಿರಿನ ಬಿಸಿಯನ್ನು ಬೇಗ ಕಸಿದುಕೊಳ್ಳುತ್ತದೆ. ಮೇಲಾಗಿ ನಾಗಸ್ವರ ನೆಟ್ಟಗಿದೆ, ಹನಿಗಟ್ಟಿದರೂ ಕೆಳಕ್ಕೆ ಜಾರಿಹೋಗುತ್ತದೆ. ನಮ್ಮ ಕಹಳೆ ಲೋಹದ್ದೇ ಆದರೂ ನೇರ ಕೊಳವೆ. ಕೊಂಬಿಗೆ ಬಾಗು ಇದೆಯಾದರೂ ಒಂದಷ್ಟು ಓರೆ ಮಾಡಿದರೆ ಬಾಯಿಂದಲೇ ನೀರು ಇಳಿಯುತ್ತದೆ.

ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಸರ್, ಹಾಗಾದರೆ ಅದರಲ್ಲಿ ಎಂಜಲು ಇಲ್ಲವೇ ಇಲ್ಲವೆ?" ಎಂದಳು. ಒಳ್ಳೆಯ ಪ್ರಶ್ನೆ, ಬಾಯಿಮಾತಿನಲ್ಲಿ ಮುಗಿಸುವಂಥದ್ದಲ್ಲ. ಎರಡು ದಿನದ ನಂತರ ಆ ಹುಡುಗ ತಂದೆಯ ವಾದ್ಯದ ನೀರನ್ನು ಪುಟ್ಟ ಸೀಸೆಯಲ್ಲಿ ತಂದ. ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವಿದೆ. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ಕಡುನೀಲಿ, ಪಿಷ್ಟ ಒಡೆದುಹೋಗಿದ್ದರೆ ನೀಲಿ ಬರುವುದಿಲ್ಲ. ತಿಳಿಗಂಜಿ ಇದ್ದ ಒಂದು ಪ್ರನಾಳಕ್ಕೆ ನನ್ನ ಜೊಲ್ಲು, ಇನ್ನೊಂದಕ್ಕೆ ಸೀಸೆಯ ನೀರು. ಹತ್ತು ನಿಮಿಷ ಬಿಟ್ಟು ನೋಡಿದಾಗ ಮೇಷ್ಟ್ರ ಎಂಜಲಿನ ಪ್ರನಾಳದಲ್ಲಿ ನೀಲಿ ಇರಲಿಲ್ಲ. ಯೂಫೋನಿಯಂ ನೀರಿನದು ಇನ್ನೂ ನೀಲಿಯೇ. ಆದರೆ ಸಂಜೆ ನೋಡಿದಾಗ ಅದೂ ಮಾಸಿತ್ತು. ಅಂದರೆ ಜೊಲ್ಲು ಒಂದಿಷ್ಟು ಇದೆ, ಬಹುಪಾಲು ಇಬ್ಬನಿ. ಕಂಡದ್ದನ್ನು ಕಂಡಂತೆ ಹೇಳಿದೆ. ಹುಡುಗನ ಪರವಾಗಿ ಫಲಿತಾಂಶವನ್ನು ತಿದ್ದಬೇಕೆನಿಸಿದ್ದೂ ನಿಜ.

ಆಮೇಲೆ ಒಂದು ಸಂಜೆ ಅವನ ತಂದೆಯನ್ನು ಭೇಟಿಯಾಗಿದ್ದೆ. ಅವರು ಹೇಳಿದ್ದು ನನ್ನ ಪುಸ್ತಕದಲ್ಲಿ ಇರಲಿಲ್ಲ. "ಜಗಳೂರು ಕಡೆ ವೈಶಾಖದಾಗೆ ಮಧ್ಯಾಹ್ನದ ಮೆರವಣಿಗೆ ಅಂದ್ರೆ ನೀರೇ ಬರಲ್ಲ ಸಾರ್. ನ್ಯಾಮತಿ ಕಡೆ ಚಳಿಗಾಲದ ಮುಹೂರ್ತ ಅಂದ್ರೆ ಹಾಡಿಗೊಂದು ಸಲ ಬಗ್ಗಿಸಬೇಕು. ಚನ್ನಗಿರಿ ತೋಟದ ಸೀಮೆಯಾಗೆ ಮಳೆಗಾಲದಲ್ಲಿ ಬಗ್ಗಿಸಿದರೂ ಒಣಗಲ್ಲ." ಒಂದೊಂದು ಮಾತಿಗೂ ಕಾರಣವಿದೆ. ಬಿಸಿಲಿಗೆ ಹಿತ್ತಾಳೆ 35 ಡಿಗ್ರಿ ದಾಟಿ ಕಾದರೆ ಉಸಿರಿನ ಆವಿ ತಣಿಯಲು ಜಾಗವೇ ಇಲ್ಲ, ಆವಿಯಾಗಿಯೇ ಹೊರಗೆ ಹೋಗುತ್ತದೆ. ಊದುವವರು ಅದೇ, ಬಾಯಿ ಅದೇ, ಜೊಲ್ಲೂ ಅದೇ, ನೀರಿಲ್ಲ. ನನ್ನ ಅಯೋಡಿನ್ನಿಗಿಂತ ದೊಡ್ಡ ಸಾಕ್ಷಿ ಇದು. ನೀರು ಕೂಡುವುದಕ್ಕೂ ಹೊರಗಿನ ಗಾಳಿಯ ತೇವಕ್ಕೂ ಅಷ್ಟು ಸಂಬಂಧವಿಲ್ಲ, ಲೋಹದ ತಂಪು ಮುಖ್ಯ. ಒಣಗುವುದಕ್ಕೆ ಮಾತ್ರ ಹೊರಗಿನ ಗಾಳಿ ಒಣದಾಗಿರಬೇಕು. ಅಡಿಕೆ ತೋಟದ ನಡುವೆ, ಮಳೆಗಾಲದಲ್ಲಿ ಅದೆಲ್ಲಿ ಬರಬೇಕು? ಈಗ ಏಸಿ ಕಲ್ಯಾಣ ಮಂಟಪಗಳು ಬಂದು ಬೇಸಿಗೆಯಲ್ಲೂ ಬಗ್ಗಿಸುವ ಕೆಲಸ ತಪ್ಪಿಲ್ಲವಂತೆ.

ಶಾಲಾ ಬ್ಯಾಂಡಿನಲ್ಲಿ ಹಿತ್ತಾಳೆ ವಾದ್ಯ ಕಲಿಯುವ ಮಕ್ಕಳಿಗೆ ಅವರಿಂದ ಕಲಿತದ್ದನ್ನು ತಿಳಿಸುತ್ತೇನೆ. ಗುಳುಗುಳು ಕೇಳಿದೊಡನೆ ಜೋರಾಗಿ ಊದಿ ನೀರನ್ನು ಓಡಿಸಲು ಹೋಗಬೇಡಿ, ಅದು ಮುಂದಿನ ತಿರುವಿಗೆ ಹೋಗಿ ಕೂರುತ್ತದೆ. ನೀರಿನ ಕೀಲಿ ಅತ್ಯಂತ ಕೆಳಗೆ ಬರುವಂತೆ ವಾದ್ಯ ಹಿಡಿದು, ಕೀಲಿ ಒತ್ತಿ, ತುಟಿ ಕಂಪಿಸದೆ ಬರೀ ಉಸಿರು ಬಿಡಿ. ಕೀಲಿಗೆ ಎಟುಕದ ಸುತ್ತುಗಳೂ ಇರುತ್ತವೆ. ಅವುಗಳ ಜಾರುಕೊಳವೆಯನ್ನು ಹೊರಗೆಳೆದು ಕೊಡವಬೇಕು. ಎಳೆಯುವಾಗ ಆ ಸುತ್ತಿನ ವಾಲ್ವನ್ನು ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಒಳಗೆ ಗಾಳಿಯ ಒತ್ತಡ ಕುಸಿದು 'ಟಪ್' ಎಂದು ಕಿತ್ತುಕೊಂಡು ಬರುತ್ತದೆ, ವಾಲ್ವಿಗೂ ಒಳ್ಳೆಯದಲ್ಲ. ಇಷ್ಟಕ್ಕೂ ಬಗ್ಗದ ನೀರಿಗೆ ಇಡೀ ವಾದ್ಯವನ್ನು ಬಸ್ಸಿನ ಸ್ಟೇರಿಂಗಿನಂತೆ ನಿಧಾನವಾಗಿ ತಿರುಗಿಸಿ ಒಂದು ತಿರುವಿನಿಂದ ಇನ್ನೊಂದಕ್ಕೆ ಇಳಿಸಿ ತರಬೇಕು. ಸದ್ದಿಗೆ ಕಿವಿಯಿಟ್ಟರೆ ನೀರು ಎಲ್ಲಿದೆಯೆಂದು ತಿಳಿಯುತ್ತದೆ. ಜೇಬಿನಲ್ಲಿ ಒಂದು ಬಟ್ಟೆಯಿರಲಿ, ಬೇರೆಯವರ ಮೆಟ್ಟಿಲ ಮೇಲೆ ಚೆಲ್ಲಬಾರದು. ಅಷ್ಟರಮಟ್ಟಿಗೆ ಆ ಹಿರಿಯರ ಮಾತು ಸರಿ.

ಇಬ್ಬನಿಯೆಂದು ಅಸಡ್ಡೆ ಮಾಡುವಂತೆಯೂ ಇಲ್ಲ. ಕತ್ತಲು, ತೇವ, ಒಂದಿಷ್ಟು ಜೊಲ್ಲು. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇನ್ನೇನು ಬೇಕು? 2010ರಲ್ಲಿ ಅಮೆರಿಕದ ವೈದ್ಯರು ಒಬ್ಬ ಟ್ರಾಂಬೋನ್ ವಾದಕರ ಬಗ್ಗೆ ಬರೆದಿದ್ದಾರೆ. ಹದಿನೈದು ವರ್ಷ ಬಿಡದೆ ಕಾಡಿದ ಅವರ ಕೆಮ್ಮಿಗೆ ವಾದ್ಯದೊಳಗೆ ಬೆಳೆದ ಸೂಕ್ಷ್ಮಜೀವಿಗಳೇ ಕಾರಣವೆಂದು ಕಂಡಿತು. ವಾದ್ಯವನ್ನು ಸರಿಯಾಗಿ ಶುಚಿಗೊಳಿಸಲು ತೊಡಗಿದ ಮೇಲೆ ಗುಣವಾಯಿತು. ಊದುಬಾಯಿಯನ್ನು ದಿನವೂ ತೊಳೆಯಿರಿ, ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ. ಆಗಾಗ ಇಡೀ ಕೊಳವೆಗೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಿ; ಕುದಿನೀರು ಬೇಡ, ಮೇಲಿನ ಮೆರುಗು ಎದ್ದುಹೋಗುತ್ತದೆ. ನೀರು ಬಗ್ಗಿಸದೆ ಪೆಟ್ಟಿಗೆಗೆ ಹಾಕಿ ಮುಚ್ಚಿಡಬೇಡಿ. ಪಾಲಕರೇ, ಮೀರತ್ತಿನಲ್ಲಿ ತಯಾರಾದ ವಾದ್ಯವಿರಲಿ, ವಿದೇಶದ್ದಿರಲಿ, ಹಸಿರು ಕಿಲುಬು ಎರಡಕ್ಕೂ ಒಂದೇ.

ತರಗತಿಯಲ್ಲಿ ಆ ಅಡ್ಡಹೆಸರು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು 'ಎಂಜಲು' ಹೋಗಿ ಬರೀ 'ಪೀಪಿ' ಉಳಿಯಿತು. ಅದಕ್ಕೆ ಅವನು ಓಗೊಡುತ್ತಿದ್ದ. ಕಳೆದ ಬೇಸಿಗೆಯಲ್ಲಿ ಚನ್ನಗಿರಿಯ ಮದುವೆಯೊಂದರಲ್ಲಿ ಸಿಕ್ಕಿದ್ದ, ಗುರುತು ಸಿಗದಷ್ಟು ಎತ್ತರವಾಗಿದ್ದಾನೆ. ತಂದೆಯ ಪಕ್ಕದಲ್ಲೇ ನಿಂತು ಟ್ರಂಪೆಟ್ ಊದುತ್ತಿದ್ದ. ಯೂಫೋನಿಯಂ ಯಾಕೆ ಹಿಡಿಯಲಿಲ್ಲವೆಂದು ಕೇಳಿದೆ.

"ಭಾರ ಸಾರ್" ಎಂದು ನಕ್ಕ. ಆಮೇಲೆ ಪಕ್ಕಕ್ಕೆ ತಿರುಗಿ, ಕೀಲಿ ಒತ್ತಿ, ಜೇಬಿನಿಂದ ತೆಗೆದ ಬಟ್ಟೆಯ ಮೇಲೆ ನಾಲ್ಕು ಹನಿ ನೀರು ಬಗ್ಗಿಸಿದ.